ಅನುಮಾನ ಹೋಗಲೆಂದು ಕಾಯಬೇಡಿ: ಗೀಳು ಕಾಯಿಲೆಯ ಚಿಕಿತ್ಸೆ ಬಗ್ಗೆ ಓದುಗರ ಪ್ರಶ್ನೆಗಳು

ಈ ಬಾರಿಯ ಅಂಕಣ ಪೂರ್ತಿ ಒಸಿಡಿಗೆ, ಅಂದರೆ ಗೀಳು ಕಾಯಿಲೆಗೆ ಮೀಸಲು. ಪತ್ರ ಬರೆದವರ ಗುರುತು ಸಿಗುವ ವಿವರಗಳನ್ನು ತೆಗೆದಿದ್ದೇವೆ. ಉತ್ತರಗಳಲ್ಲಿ ಔಷಧದ ಪ್ರಮಾಣಗಳೂ ಇವೆ. ನಿಮ್ಮ ಔಷಧ ಚೀಟಿಯನ್ನು ಅರ್ಥ ಮಾಡಿಕೊಂಡು ವೈದ್ಯರ ಎದುರು ಸರಿಯಾದ ಪ್ರಶ್ನೆ ಕೇಳಲು ಅವು ನೆರವಾಗಲಿ. ಅವನ್ನು ನೋಡಿ ನೀವಾಗಿಯೇ ಮಾತ್ರೆ ಏರಿಸುವುದು, ಇಳಿಸುವುದು ಬೇಡ.

ಪ್ರಶ್ನೆ: ಮಗನಿಗೆ 10 ವರ್ಷ. ಕೆಲವು ತಿಂಗಳಿಂದ ಕೈ ತೊಳೆಯುವುದು ವಿಪರೀತವಾಗಿ ಚರ್ಮವೇ ಬಿರಿದಿದೆ. ಶಾಲೆಯಿಂದ ಬಂದ ಕೂಡಲೇ ಬಟ್ಟೆ ಬದಲಿಸಬೇಕು, ಪುಸ್ತಕದ ಚೀಲವನ್ನು ಯಾರೂ ಮುಟ್ಟಬಾರದು. 'ನಂಗೇನೂ ಆಗಲ್ಲ ಅಲ್ವಾ ಅಮ್ಮಾ' ಎಂದು ಕೇಳುತ್ತಲೇ ಇರುತ್ತಾನೆ. ಬೈದರೆ ಅಳುತ್ತಾನೆ, ಸಮಾಧಾನ ಹೇಳಿದರೆ ಮತ್ತೆ ಕೇಳುತ್ತಾನೆ. ಇಷ್ಟು ಚಿಕ್ಕವನಿಗೆ ಮಾತ್ರೆ ಕೊಡಬೇಕೇ?

ಬೈಗುಳವೂ ಫಲಿಸದಿರುವುದು, ಸಮಾಧಾನವೂ ನಿಲ್ಲದಿರುವುದು ನಿಮ್ಮ ತಪ್ಪಿನಿಂದಲ್ಲ, ಈ ಕಾಯಿಲೆ ಇರುವುದೇ ಹಾಗೆ. ಕೈಗೆ ಏನೋ ಅಂಟಿದೆ, ಕಾಯಿಲೆ ಬರುತ್ತದೆ ಎಂಬ ಯೋಚನೆ ಬೇಡವೆಂದರೂ ನುಗ್ಗುತ್ತದೆ. ಭಯ ಏರುತ್ತದೆ. ತೊಳೆದರೆ ಇಳಿಯುತ್ತದೆ. ತೊಳೆದದ್ದಕ್ಕೇ ಅಪಾಯ ತಪ್ಪಿತು ಎಂದು ಮಿದುಳು ಕಲಿತುಬಿಡುತ್ತದೆ. ಮುಂದಿನ ಸಲ ಭಯ ಇನ್ನೂ ಬೇಗ ಬರುತ್ತದೆ, ತೊಳೆಯುವ ಹೊತ್ತು ಇನ್ನಷ್ಟು ಹೆಚ್ಚುತ್ತದೆ. 'ಏನೂ ಆಗಲ್ಲ ಕಂದಾ' ಎಂಬ ನಿಮ್ಮ ಮಾತು ಸಹ ಅವನ ಪಾಲಿಗೆ ಕೈ ತೊಳೆದಂತೆಯೇ. ಐದು ನಿಮಿಷ ಹಾಯೆನಿಸುತ್ತದೆ, ಆಮೇಲೆ ಮತ್ತೆ ಬೇಕಾಗುತ್ತದೆ.

ಈ ಸುತ್ತಿನಲ್ಲಿ ನಮ್ಮ ಕೈಗೆ ಸಿಗುವ ಕೊಂಡಿ ಒಂದೇ, ಕ್ರಿಯೆ. ಯೋಚನೆ ಬರುವುದನ್ನು ತಡೆಯಲಾಗದು, ಭಯಕ್ಕೆ ಹೋಗು ಎಂದು ಹೇಳಲಾಗದು. ತೊಳೆಯುವುದನ್ನು ಮಾತ್ರ ಮುಂದೂಡಬಹುದು, ಕ್ರಮೇಣ ಬಿಡಬಹುದು. ಎಕ್ಸ್‌ಪೋಶರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್, ಚಿಕ್ಕದಾಗಿ ಇಆರ್‌ಪಿ, ಎಂಬ ಚಿಕಿತ್ಸೆ ನಿಂತಿರುವುದು ಇದರ ಮೇಲೆ. ಭಯ ಹುಟ್ಟಿಸುವುದನ್ನು ಬೇಕೆಂದೇ ಎದುರಿಸುವುದು, ಎದುರಿಸಿದ ಮೇಲೆ ಗೀಳಿನ ಕ್ರಿಯೆಯನ್ನು ಮಾಡದೇ ಇರುವುದು. 1966ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಈ ದಾರಿಯಲ್ಲಿ ಗುಣ ಕಂಡ ರೋಗಿಗಳ ಬಗ್ಗೆ ಬರೆಯುವವರೆಗೆ ಒಸಿಡಿಗೆ ಮದ್ದೇ ಇಲ್ಲ ಎಂಬ ಭಾವನೆ ವೈದ್ಯರಲ್ಲೂ ಇತ್ತು.

ಕಾಯಿಲೆ ಸೌಮ್ಯ ಅಥವಾ ಮಧ್ಯಮ ಮಟ್ಟದಲ್ಲಿದ್ದರೆ ಮಕ್ಕಳಲ್ಲಿ ಮಾತ್ರೆಗಿಂತ ಮೊದಲು ಇಆರ್‌ಪಿ ಒಳಗೊಂಡ ಸಿಬಿಟಿ, ಅಂದರೆ ಯೋಚನೆ, ವರ್ತನೆಗಳನ್ನು ತಿದ್ದುವ ಮನೋಚಿಕಿತ್ಸೆ. 2004ರಲ್ಲಿ ಪ್ರಕಟವಾದ, 7ರಿಂದ 17 ವರ್ಷದ 112 ಮಕ್ಕಳ ಅಮೆರಿಕದ ಅಧ್ಯಯನ ಇದಕ್ಕೆ ಒಳ್ಳೆಯ ಆಧಾರ. 12 ವಾರಗಳ ನಂತರ ಕಾಯಿಲೆ ಬಹುಮಟ್ಟಿಗೆ ಇಳಿದಿದ್ದವರು ಸಿಬಿಟಿ ಮತ್ತು ಸರ್ಟ್ರಲಿನ್ ಎಂಬ ಮಾತ್ರೆ ಎರಡನ್ನೂ ಪಡೆದವರಲ್ಲಿ ಶೇ 54, ಸಿಬಿಟಿ ಮಾತ್ರ ಪಡೆದವರಲ್ಲಿ ಶೇ 39, ಸರ್ಟ್ರಲಿನ್ ಮಾತ್ರ ಪಡೆದವರಲ್ಲಿ ಶೇ 21, ಹೋಲಿಕೆಗೆಂದು ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಶೇ 4. ಮಗು ಊಟ, ನಿದ್ದೆ, ಶಾಲೆ ಬಿಡುವಷ್ಟು ತೀವ್ರವಾಗಿದ್ದರೆ, ಖಿನ್ನತೆಯೂ ಸೇರಿದ್ದರೆ, ಅಥವಾ ಸಿಬಿಟಿಯ ಅಭ್ಯಾಸಕ್ಕೇ ಕೂರಲಾಗದಷ್ಟು ಭಯವಿದ್ದರೆ ಎರಡನ್ನೂ ಒಟ್ಟಿಗೆ ಶುರು ಮಾಡುವುದು ಸರಿ.

ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 14 ಭೇಟಿಗಳು, ಜತೆಗೆ ದಿನವೂ ಮನೆಯಲ್ಲಿ ಅಭ್ಯಾಸ. ಮನೆಯ ಅಭ್ಯಾಸವಿಲ್ಲದೆ ವಾರಕ್ಕೊಂದು ಗಂಟೆಯ ಮಾತಿನಿಂದ ಹೆಚ್ಚೇನೂ ಆಗದು. ಮೊದಲ ಭೇಟಿಗಳಲ್ಲಿ ಮಗು ಒಸಿಡಿಗೊಂದು ಹೆಸರಿಡುತ್ತದೆ. ಕಾಯಿಲೆ ಬೇರೆ, ತಾನು ಬೇರೆ ಎಂದು ತಿಳಿಯಲು ಇದು ಸಹಾಯ. ಆಮೇಲೆ 0ಯಿಂದ 10ರವರೆಗಿನ ಭಯದ ಅಳತೆಗೋಲು ಹಿಡಿದು ಒಂದು ಏಣಿ ಮಾಡುತ್ತಾರೆ. ನಿಮ್ಮ ಮಗನ ಏಣಿ ಹೀಗಿರಬಹುದು: ಚೀಲದ ಪಟ್ಟಿಯನ್ನು ಒಂದು ಬೆರಳಿನಿಂದ ಮುಟ್ಟಿ ತೊಳೆಯದೆ ಕೂರುವುದು 3, ಅಂಗೈಯಿಂದ ಹಿಡಿಯುವುದು 4, ಶಾಲೆಯ ಬಟ್ಟೆಯಲ್ಲೇ ಅರ್ಧ ಗಂಟೆ ಕುರ್ಚಿಯ ಮೇಲೆ ಕೂರುವುದು 5, ಚೀಲವನ್ನು ಹಾಸಿಗೆಯ ಮೇಲಿಡುವುದು 7, ಬಾಗಿಲ ಹಿಡಿ ಮುಟ್ಟಿದ ಕೈಯಲ್ಲೇ ತಿಂಡಿ ತಿನ್ನುವುದು 9. ಶುರು ಮಾಡುವುದು 3ರಿಂದ. ಒಂದು ಮೆಟ್ಟಿಲನ್ನು ದಿನವೂ ಮಾಡಿ, ಅದು ಬೇಸರ ಹುಟ್ಟಿಸುವಷ್ಟು ಸಲೀಸಾದ ಮೇಲೆ ಮುಂದಿನದು. ಒಂದು ಅಭ್ಯಾಸಕ್ಕೆ 20ರಿಂದ 40 ನಿಮಿಷ ಬಿಡುವಿರಲಿ; ಅವಸರದಲ್ಲಿ ಮಾಡಿದರೆ ಭಯ ಏರಿದ ಹಂತದಲ್ಲೇ ಮುಗಿದು ಪಾಠ ಅರ್ಧಕ್ಕೆ ನಿಲ್ಲುತ್ತದೆ.

ಕೆಡುವುದು ಎಲ್ಲಿ? ಮೆಟ್ಟಿಲನ್ನು ಮಗುವಿನ ಒಪ್ಪಿಗೆಯಿಲ್ಲದೆ ಆರಿಸಿದಾಗ. ಅವನಿಗೆ ಹೇಳದೆ ಕೊಳಕು ಮುಟ್ಟಿಸಿ 'ನೋಡು, ಏನಾಯಿತು?' ಎಂದಾಗ. ಅಂಥದ್ದು ಒಮ್ಮೆ ನಡೆದರೂ ನಂಬಿಕೆ ಮುರಿದು ತಿಂಗಳುಗಟ್ಟಲೆ ಹಿಂದಕ್ಕೆ ಹೋಗಬೇಕಾಗುತ್ತದೆ. ಅಭ್ಯಾಸ ಮುಗಿದ ಐದೇ ನಿಮಿಷಕ್ಕೆ ಬಚ್ಚಲಿಗೆ ಓಡಿದರೂ ಮಾಡಿದ್ದು ಅಳಿಸಿಹೋಗುತ್ತದೆ. ಬಹುಮಾನ ಕೊಡುವುದಾದರೆ ಪ್ರಯತ್ನಕ್ಕೆ ಕೊಡಿ, ಭಯಪಡಲಿಲ್ಲ ಎಂಬುದಕ್ಕೆ ಬೇಡ. ಭಯ ಆಗಲೇಬೇಕು, ಆದಾಗಲೂ ಕೂತದ್ದು ದೊಡ್ಡದು.

ಅವನ ಪ್ರಶ್ನೆಗೆ ಉತ್ತರ ಕೊಡುವುದನ್ನು ಒಂದೇ ದಿನ ನಿಲ್ಲಿಸಬೇಡಿ. ಅವನ ಜತೆ ಕೂತು ಒಪ್ಪಂದ ಮಾಡಿಕೊಳ್ಳಿ. ಈ ವಾರ ದಿನಕ್ಕೆ ಐದು ಉತ್ತರ, ಮುಂದಿನ ವಾರ ಮೂರು, ಆಮೇಲೆ ಒಂದು. ಮಿಕ್ಕ ಸಲ ಮನೆಯವರೆಲ್ಲರೂ ಹೇಳುವ ಮಾತು ಒಂದೇ ಇರಲಿ: 'ಇದು ಒಸಿಡಿ ಕೇಳ್ತಿರೋ ಪ್ರಶ್ನೆ. ಕಷ್ಟ ಆಗ್ತಿದೆ ಅಂತ ಗೊತ್ತು. ನೀನು ತಡ್ಕೋತೀಯ.' ಅಮ್ಮ ಉತ್ತರಿಸದಿದ್ದರೆ ಅಜ್ಜಿಯನ್ನು ಕೇಳುತ್ತಾನೆ, ಆದ್ದರಿಂದ ಅಜ್ಜಿಗೂ ಗೊತ್ತಿರಬೇಕು. ಬಿರಿದ ಚರ್ಮಕ್ಕೆ ಮುಲಾಮು ಹಚ್ಚಿ, ಆದರೆ ದಿನಕ್ಕೆ ಎರಡು ಮೂರು ನಿಗದಿತ ಹೊತ್ತಿನಲ್ಲಿ ಮಾತ್ರ. ಇಲ್ಲವಾದರೆ ಅದೇ ಹೊಸ ಗೀಳಾಗುತ್ತದೆ. ಶೌಚದ ನಂತರ, ಊಟಕ್ಕೆ ಮುಂಚೆ 20 ಸೆಕೆಂಡು ತೊಳೆಯುವುದು ಎಲ್ಲರಂತೆ ಅವನಿಗೂ ಇರಲಿ.

ಮಾತ್ರೆ ಬೇಕಾದರೆ ಹೆದರಬೇಡಿ. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಮಕ್ಕಳ ಒಸಿಡಿಗೆ ಸರ್ಟ್ರಲಿನ್ ಅನ್ನು 6 ವರ್ಷದಿಂದ, ಫ್ಲೂಆಕ್ಸೆಟಿನ್ ಅನ್ನು 7ರಿಂದ, ಫ್ಲುವೋಕ್ಸಮೈನ್ ಅನ್ನು 8ರಿಂದ, ಕ್ಲೋಮಿಪ್ರಮೈನ್ ಅನ್ನು 10ರಿಂದ ಒಪ್ಪಿದೆ. ಈ ವಯಸ್ಸಿನಲ್ಲಿ ಸರ್ಟ್ರಲಿನ್ ಸಾಮಾನ್ಯವಾಗಿ ದಿನಕ್ಕೆ 25 ಮಿಗ್ರಾಂನಿಂದ ಶುರು. ಮೊದಲ ಕೆಲವು ವಾರ, ಮತ್ತು ಪ್ರಮಾಣ ಏರಿಸಿದಾಗಲೆಲ್ಲ, ಚಡಪಡಿಕೆ, ನಿದ್ದೆಗೇಡು, ಹಿಂದೆಂದೂ ಇಲ್ಲದ ಸಿಟ್ಟು, ಸಾಯುವ ಮಾತು ಇವುಗಳ ಮೇಲೆ ಕಣ್ಣಿಡಿ. 2004ರಲ್ಲಿ ಎಫ್‌ಡಿಎ ನಡೆಸಿದ ಪರಿಶೀಲನೆಯಲ್ಲಿ ಖಿನ್ನತೆ ನಿವಾರಕ (ಮೇಲಿನ ಔಷಧಗಳೂ ಇದೇ ಬಗೆಯವು) ಪಡೆದ ಮಕ್ಕಳು, ಹದಿಹರೆಯದವರಲ್ಲಿ ಆತ್ಮಹತ್ಯೆಯ ಯೋಚನೆ ಅಥವಾ ವರ್ತನೆ ಶೇ 4ರಷ್ಟು, ಹುಸಿ ಮಾತ್ರೆ ಪಡೆದವರಲ್ಲಿ ಶೇ 2ರಷ್ಟು ಕಂಡಿತು. ಆ ಅಧ್ಯಯನಗಳಲ್ಲಿ ಯಾರೂ ಆತ್ಮಹತ್ಯೆ ಮಾಡಿಕೊಳ್ಳಲಿಲ್ಲ. ಇಂಥ ಲಕ್ಷಣ ಕಂಡರೆ ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ನನಗೆ 32. ಸರ್ಟ್ರಲಿನ್ 50 ಮಿಗ್ರಾಂ ಶುರು ಮಾಡಿ 5 ವಾರ. ಏನೇನೂ ಫಲವಿಲ್ಲ. ಮಾತ್ರೆ ನನಗೆ ಹಿಡಿಸುತ್ತಿಲ್ಲವೇ? ಬದಲಿಸಬೇಕೇ?

ಇಷ್ಟು ಬೇಗ ತೀರ್ಮಾನಿಸಬೇಡಿ. ಒಸಿಡಿಯಲ್ಲಿ ಔಷಧ ಸೋತಿತು ಎನ್ನುವ ಎಷ್ಟೋ ಪ್ರಕರಣಗಳಲ್ಲಿ ಔಷಧವನ್ನು ಸರಿಯಾಗಿ ಪರೀಕ್ಷಿಸಿಯೇ ಇರುವುದಿಲ್ಲ. ನಮಗೆ ಅತ್ಯಂತ ಬೇಸರ ತರಿಸುವ ಸಂಗತಿ ಇದು. ಖಿನ್ನತೆಗೆ ಸಾಕಾಗುವ ಪ್ರಮಾಣ ಒಸಿಡಿಗೆ ಹಲವು ವೇಳೆ ಸಾಲದು, ಫಲ ಕಾಣಲು ಹಿಡಿಯುವ ಸಮಯವೂ ಹೆಚ್ಚು. ಒಂದು ಔಷಧಕ್ಕೆ ಕೊಡಬೇಕಾದ ಅವಕಾಶ ಒಟ್ಟು 8ರಿಂದ 12 ವಾರ, ಅದರಲ್ಲಿ ಕನಿಷ್ಠ 4ರಿಂದ 6 ವಾರ ನಿಮ್ಮ ದೇಹ ತಡೆದುಕೊಳ್ಳುವ ಗರಿಷ್ಠ ಪ್ರಮಾಣದಲ್ಲಿ. ವಯಸ್ಕರಲ್ಲಿ ಸರ್ಟ್ರಲಿನ್ ದಿನಕ್ಕೆ 200 ಮಿಗ್ರಾಂವರೆಗೆ, ಫ್ಲೂಆಕ್ಸೆಟಿನ್ 80ರವರೆಗೆ, ಫ್ಲುವೋಕ್ಸಮೈನ್ 300ರವರೆಗೆ, ಪ್ಯಾರಾಕ್ಸೆಟಿನ್ 60ರವರೆಗೆ ಹೋಗುತ್ತದೆ. ನೀವಿರುವುದು ಮೊದಲ ಮೆಟ್ಟಿಲಲ್ಲಿ.

ಫಲ ಬರುತ್ತಿದೆಯೇ ಎಂದು ಮನಸ್ಸಿಗೆ ಅನಿಸಿದ್ದರ ಮೇಲೆ ಅಳೆಯಬೇಡಿ, ಕೆಟ್ಟ ದಿನವೊಂದು ಇಡೀ ತಿಂಗಳನ್ನು ಮರೆಸಿಬಿಡುತ್ತದೆ. ಯೇಲ್-ಬ್ರೌನ್ ಮಾಪಕ ಎಂಬ 10 ಪ್ರಶ್ನೆಗಳ ಅಳತೆಯಿದೆ, ಒಟ್ಟು 40 ಅಂಕ. 8ರಿಂದ 15 ಸೌಮ್ಯ, 16ರಿಂದ 23 ಮಧ್ಯಮ, 24ರಿಂದ 31 ತೀವ್ರ, 32ರಿಂದ 40 ಅತಿ ತೀವ್ರ. ಗೀಳಿಗೆ ದಿನಕ್ಕೆಷ್ಟು ಹೊತ್ತು ಹೋಗುತ್ತದೆ, ಎಷ್ಟು ಅಡ್ಡಿ, ಎಷ್ಟು ಸಂಕಟ, ಎಷ್ಟು ತಡೆಯಲು ಯತ್ನಿಸುತ್ತೀರಿ, ಎಷ್ಟು ಹಿಡಿತವಿದೆ ಎಂದು ಯೋಚನೆಗೂ ಕ್ರಿಯೆಗೂ ಬೇರೆ ಬೇರೆಯಾಗಿ ಕೇಳುತ್ತದೆ. ಪ್ರತಿ ಭೇಟಿಯಲ್ಲೂ ಅಳೆಯಿರಿ ಎಂದು ವೈದ್ಯರನ್ನು ಕೇಳಿ. ಅಂಕ ಶೇ 35ರಷ್ಟು ಇಳಿದರೆ ಫಲ ಸಿಕ್ಕಿತು ಎಂದು ಲೆಕ್ಕ. ಅಂದರೆ 28 ಇದ್ದದ್ದು 18ಕ್ಕೆ ಬಂದರೆ ಮಾತ್ರೆ ಕೆಲಸ ಮಾಡಿದೆ, ಆದರೂ 18 ಉಳಿದಿರುತ್ತದೆ. ಮಾತ್ರೆಯೊಂದರಿಂದಲೇ ಯೋಚನೆಗಳೆಲ್ಲ ಮಾಯವಾಗುತ್ತವೆ ಎಂಬ ನಿರೀಕ್ಷೆ ಇಟ್ಟುಕೊಂಡವರು ಒಳ್ಳೆಯ ಔಷಧವನ್ನೂ ಕೈಬಿಡುತ್ತಾರೆ.

ಸಂಪೂರ್ಣ ಪ್ರಮಾಣದಲ್ಲಿ ಪೂರ್ತಿ ಅವಧಿ ಕೊಟ್ಟರೂ ಸಾಲದಿದ್ದರೆ ಎಸ್‌ಎಸ್‌ಆರ್‌ಐ ಗುಂಪಿನ (ಸರ್ಟ್ರಲಿನ್ ಸೇರಿ ಮೇಲಿನ ನಾಲ್ಕೂ ಈ ಗುಂಪಿನವು) ಇನ್ನೊಂದು ಔಷಧ, ಆಮೇಲೆ ಕ್ಲೋಮಿಪ್ರಮೈನ್. ಒಸಿಡಿಗೆ ಹೆಸರಾದ ಮೊದಲ ಔಷಧ ಅದೇ, ಇಂದಿಗೂ ಬಲವಾದದ್ದು, ಆದರೆ ಬಾಯಿ ಒಣಗುವುದು, ಮಲಬದ್ಧತೆ, ತಲೆಸುತ್ತು, ತೂಕ ಹೆಚ್ಚುವುದು ಇವೆ. ಹೃದಯದ ಲಯದ ಮೇಲೂ ಪರಿಣಾಮ ಇರುವುದರಿಂದ ಇಸಿಜಿ ಬೇಕು. ಫಿಟ್ಸ್ ಅಪಾಯ ಏರುವುದರಿಂದ ದಿನಕ್ಕೆ 250 ಮಿಗ್ರಾಂ ದಾಟಿಸುವುದಿಲ್ಲ.

ಇನ್ನೊಂದು ಕವಲು ಇಲ್ಲಿ ಬರುತ್ತದೆ: ಎಸ್‌ಎಸ್‌ಆರ್‌ಐ ಜತೆಗೆ, ತೀವ್ರ ಮನೋರೋಗಗಳಿಗೆ ಬಳಸುವ ರಿಸ್ಪೆರಿಡೋನ್ ಅಥವಾ ಅರಿಪಿಪ್ರಜೋಲ್ ಅನ್ನು ಸಣ್ಣ ಪ್ರಮಾಣದಲ್ಲಿ ಸೇರಿಸುವುದು. ಸುಮಾರು ಮೂವರಲ್ಲಿ ಒಬ್ಬರಿಗೆ ಇದು ನೆರವಾಗುತ್ತದೆ, ಟಿಕ್ಸ್ (ಬೇಡವೆಂದರೂ ಮತ್ತೆ ಮತ್ತೆ ಬರುವ ಅಂಗಚಲನೆ, ಸದ್ದು) ಇರುವವರಿಗೆ ಹೆಚ್ಚು. ಆದರೆ ಅದಕ್ಕೂ ಮುಂಚೆ ಕೇಳಬೇಕಾದ್ದು, ಸರಿಯಾದ ಇಆರ್‌ಪಿ ನಡೆದಿದೆಯೇ ಎಂದು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಸ್‌ಎಸ್‌ಆರ್‌ಐ ಸಾಲದ 100 ವಯಸ್ಕರಲ್ಲಿ ಇಆರ್‌ಪಿ ಸೇರಿಸಿದವರ ಪೈಕಿ ಶೇ 80 ಮಂದಿಗೆ ಫಲ ಸಿಕ್ಕಿತು. ರಿಸ್ಪೆರಿಡೋನ್ ಸೇರಿಸಿದವರಲ್ಲಿ ಶೇ 23, ಹುಸಿ ಮಾತ್ರೆಯಲ್ಲಿ ಶೇ 15. ಎರಡನೇ ಮಾತ್ರೆ ಬರೆಯುವುದು ಸುಲಭ, ಇಆರ್‌ಪಿ ಬಲ್ಲ ಚಿಕಿತ್ಸಕರನ್ನು ಹುಡುಕುವುದು ಕಷ್ಟ. ಹುಡುಕಾಟದ ಶ್ರಮ ಸಾರ್ಥಕ ಎಂಬುದು ಈ ಅಂಕಿಗಳಿಂದ ಸ್ಪಷ್ಟ. ಸೇರಿಸಿದ ಔಷಧದಿಂದ 6ರಿಂದ 10 ವಾರದಲ್ಲಿ ಬದಲಾವಣೆ ಕಾಣದಿದ್ದರೆ ಅದನ್ನು ನಿಲ್ಲಿಸುವ ಬಗ್ಗೆ ಕೇಳಿ. ತೂಕ, ರಕ್ತದ ಸಕ್ಕರೆ ಏರುವ ಔಷಧಗಳು ಅಭ್ಯಾಸಬಲದಿಂದ ವರ್ಷಗಟ್ಟಲೆ ಮುಂದುವರಿಯಬಾರದು.

ಎಸ್‌ಎಸ್‌ಆರ್‌ಐ ಶುರುವಿನ ವಾಕರಿಕೆ, ಸಡಿಲ ಮಲ, ತಲೆನೋವು ಒಂದೆರಡು ವಾರದಲ್ಲಿ ಇಳಿಯುತ್ತವೆ. ಲೈಂಗಿಕ ಆಸಕ್ತಿ ಕುಗ್ಗುವುದು, ತೃಪ್ತಿ ತಡವಾಗುವುದು ತಾನಾಗಿ ಹೋಗದಿರಬಹುದು. ಸಂಕೋಚದಿಂದ ಅದನ್ನು ಹೇಳದೆ ಸದ್ದಿಲ್ಲದೆ ಮಾತ್ರೆ ಬಿಡುವವರು ಬಹಳ. ಹೇಳಿ, ಪ್ರಮಾಣ ಹೊಂದಿಸಬಹುದು, ಔಷಧ ಬದಲಿಸಬಹುದು. ನೋವಿಗೆ ಐಬುಪ್ರೊಫೇನ್ ಥರದ್ದನ್ನು ಮೇಲಿಂದ ಮೇಲೆ ನುಂಗಿದರೆ ರಕ್ತಸ್ರಾವದ ಅಪಾಯ ಏರುತ್ತದೆ, ಟ್ರಾಮಡಾಲ್ ಎಂಬ ನೋವು ನಿವಾರಕದ ಜತೆ ಸಿರೊಟೋನಿನ್ ಎಂಬ ಮಿದುಳಿನ ರಾಸಾಯನಿಕ ವಿಪರೀತವಾಗಬಹುದು. ಫ್ಲುವೋಕ್ಸಮೈನ್ ತೆಗೆದುಕೊಳ್ಳುವವರ ದೇಹದಲ್ಲಿ ಕಾಫಿಯ ಕೆಫೀನ್ ಬಹಳ ಹೊತ್ತು ಉಳಿಯುತ್ತದೆ. ಸ್ನಾಯು ಸಡಿಲಿಸುವ ಟಿಜಾನಿಡಿನ್ ಮಾತ್ರೆಯನ್ನು ಫ್ಲುವೋಕ್ಸಮೈನ್ ಜತೆ ಕೊಡಲೇಬಾರದು.

ಪ್ರಶ್ನೆ: ಭಯ ಬಂದಾಗ ಆಲ್ಪ್ರಜೋಲಾಮ್ ನುಂಗಿದರೆ ತಕ್ಷಣ ಹಾಯೆನಿಸುತ್ತದೆ. ಅದನ್ನೇ ಮುಂದುವರಿಸಬಹುದೇ?

ಬೇಡ. ಅದು ಆ ಹೊತ್ತಿನ ಆತಂಕವನ್ನು ಇಳಿಸುತ್ತದೆ, ಒಸಿಡಿಯನ್ನು ಇಳಿಸುವುದಿಲ್ಲ. ಭಯವನ್ನು ಎದುರಿಸುವ ಮುಂಚೆ ನುಂಗಿದರೆ ಇನ್ನೂ ನಷ್ಟ, 'ನಾನು ತಡೆದುಕೊಂಡೆ' ಎಂಬ ಪಾಠ 'ಮಾತ್ರೆ ಕಾಪಾಡಿತು' ಎಂದಾಗುತ್ತದೆ. ಈಗಾಗಲೇ ದಿನವೂ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ವೈದ್ಯರ ಕೈಯಲ್ಲಿ ನಿಧಾನವಾಗಿ ಇಳಿಸಿ.

ಪ್ರಶ್ನೆ: ಮಗುವಿಗೆ ಮೂರು ತಿಂಗಳು. ಚಾಕು ಕಂಡರೆ ಮಗುವಿಗೆ ಚುಚ್ಚಿಬಿಡುತ್ತೇನೇನೋ ಎಂಬ ಚಿತ್ರ ಕಣ್ಣೆದುರು ಬರುತ್ತದೆ. ಚಾಕುಗಳನ್ನೆಲ್ಲ ಬಚ್ಚಿಟ್ಟಿದ್ದೇನೆ, ಮಗುವಿನ ಜತೆ ಒಬ್ಬಳೇ ಇರಲು ಹೆದರಿಕೆ. ಯಾರಿಗೂ ಹೇಳಿಲ್ಲ. ನಾನು ಕೊಲೆಗಾರಳೇ?

ಬರೆದು ತಿಳಿಸಿದ್ದು ಒಳ್ಳೆಯದಾಯಿತು. ಹೆರಿಗೆಯ ಆಸುಪಾಸಿನಲ್ಲಿ ಒಸಿಡಿ ಮೊದಲ ಬಾರಿ ಕಾಣಿಸುವುದು, ಇದ್ದದ್ದು ಹೆಚ್ಚುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ, ಮತ್ತು ಅದು ಹಿಡಿಯುವುದು ನಿಮಗೆ ಅತ್ಯಂತ ಪ್ರಿಯವಾದದ್ದನ್ನೇ. ಇಂಥ ಯೋಚನೆಗಳು ಮಿಂಚಿ ಮಾಯವಾಗುವುದು ಕಾಯಿಲೆ ಇಲ್ಲದವರಲ್ಲೂ ಇದೆ. ಸಾಮಾನ್ಯ ಜನರಲ್ಲೂ ಬಹುಪಾಲು ಮಂದಿಗೆ ಬೇಡದ ಯೋಚನೆಗಳು ಬರುತ್ತವೆ, ಅವುಗಳ ವಿಷಯವೂ ರೋಗಿಗಳದರಂತೆಯೇ ಇರುತ್ತದೆ ಎಂದು 1978ರಲ್ಲೇ ರಾಕ್‌ಮನ್ ಮತ್ತು ಡಿಸಿಲ್ವಾ ತೋರಿಸಿದರು. ಬೇರೆಯವರು 'ಛೆ, ಎಂಥ ಯೋಚನೆ' ಎಂದು ಮುಂದೆ ಹೋಗುತ್ತಾರೆ. ಒಸಿಡಿ ಇರುವವರು ಅದಕ್ಕೆ ಅರ್ಥ ಹುಡುಕುತ್ತಾ ಅಲ್ಲೇ ನಿಲ್ಲುತ್ತಾರೆ.

ಒಂದು ಭೇದ ಮಾತ್ರ ತಜ್ಞರು ಖುದ್ದಾಗಿ ನೋಡಿ ಖಚಿತಪಡಿಸಬೇಕು. ಒಸಿಡಿಯಲ್ಲಿ ಯೋಚನೆ ಬಂದಾಗ ತಾಯಿ ನಡುಗುತ್ತಾಳೆ, ಅದು ತನ್ನದಲ್ಲ ಎನಿಸುತ್ತದೆ, ಮಗುವನ್ನು ಕಾಪಾಡಲು ಓಡುತ್ತಾಳೆ. ಯಾರೋ ಆಜ್ಞೆ ಮಾಡಿದಂತೆ ದನಿ ಕೇಳುವುದು, ಮಗುವಿನಲ್ಲಿ ದುಷ್ಟಶಕ್ತಿ ಸೇರಿದೆ ಎಂದು ನಂಬುವುದು, ದಿನಗಟ್ಟಲೆ ನಿದ್ದೆಯಿಲ್ಲದೆಯೂ ಅತಿ ಉತ್ಸಾಹ, ಹಾನಿ ಮಾಡುವುದೇ ಸರಿ ಎನಿಸುವುದು ಇವು ಬೇರೆ ಕಾಯಿಲೆಯ ಗುರುತುಗಳು. ಅಂಥದ್ದು ಕಂಡರೆ, ಅಥವಾ ನಿಮಗೇ ಬದುಕು ಬೇಡವೆನಿಸಿದರೆ, ಅಂದೇ ಆಸ್ಪತ್ರೆಗೆ ಹೋಗಬೇಕು.

ನಿಮ್ಮ ಪತ್ರದಲ್ಲಿರುವುದು ಮೊದಲ ಬಗೆಯ ಚಿತ್ರ. ಚಾಕು ಬಚ್ಚಿಡುವುದು, ಒಬ್ಬಳೇ ಇರದಂತೆ ನೋಡಿಕೊಳ್ಳುವುದು ಸುರಕ್ಷತೆಯಂತೆ ಕಾಣುತ್ತವೆ, ಆದರೆ 'ನಾನು ಅಪಾಯಕಾರಿ' ಎಂಬ ಸುಳ್ಳಿಗೆ ದಿನವೂ ಮುದ್ರೆ ಒತ್ತುವುದು ಅವೇ. ಯೋಚನೆಯನ್ನು ಹೊರದಬ್ಬಲು ಹೋದರೂ ಅದು ಇಮ್ಮಡಿಯಾಗಿ ಬರುತ್ತದೆ. ರೋಗನಿರ್ಣಯ ಖಚಿತವಾದ ಮೇಲೆ ಚಿಕಿತ್ಸಕರ ಜತೆ ಏಣಿ ಇಲ್ಲೂ ಮೆಟ್ಟಿಲು ಮೆಟ್ಟಿಲಾಗಿ: ಚಾಕುಗಳನ್ನು ಅವುಗಳ ಜಾಗಕ್ಕೆ ಹಿಂದಿರುಗಿಸುವುದು, ಮಗು ಅದೇ ಕೋಣೆಯಲ್ಲಿರುವಾಗ ತರಕಾರಿ ಹೆಚ್ಚುವುದು, ಮೊದಲು 10 ನಿಮಿಷ, ಆಮೇಲೆ ಹೆಚ್ಚು ಹೊತ್ತು ಮಗುವಿನೊಂದಿಗೆ ಒಬ್ಬಳೇ ಇರುವುದು. ಹೆದರಿಸುವ ಯೋಚನೆಯನ್ನೇ ವರ್ತಮಾನ ಕಾಲದಲ್ಲಿ ಒಂದು ಪುಟ ಬರೆದು, ದನಿಮುದ್ರಿಸಿ, ದಿನವೂ ಕೇಳುವ ಅಭ್ಯಾಸವೂ ಇದೆ. ಕೇಳುತ್ತಾ ಕೇಳುತ್ತಾ ಅದು ಬರೀ ಮಾತಾಗಿ ಉಳಿಯುತ್ತದೆ. ಇದನ್ನು ಒಬ್ಬರೇ ಶುರು ಮಾಡಬೇಡಿ. ಕೇಳಿದ ಮೇಲೆ 'ಇಲ್ಲ, ನಾನು ಒಳ್ಳೆಯ ತಾಯಿ' ಎಂದು ಮನಸ್ಸಿನಲ್ಲೇ ಹೇಳಿಕೊಂಡರೆ ಅದೂ ಗೀಳಿನ ಕ್ರಿಯೆಯೇ, ಅದನ್ನು ಹಿಡಿದು ತೋರಿಸಲು ಒಬ್ಬರು ಬೇಕು. ಔಷಧ ಬೇಕಾದರೆ ಮೊಲೆಹಾಲಿನಲ್ಲಿ ಅತಿ ಕಡಿಮೆ ಸೇರುವವುಗಳಲ್ಲಿ ಸರ್ಟ್ರಲಿನ್ ಒಂದು, ಹಾಲು ಬಿಡಿಸಬೇಕಾಗಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ಈ ಉತ್ತರವನ್ನು ತೋರಿಸಿ.

ಪ್ರಶ್ನೆ: ಬೀಗ, ಗ್ಯಾಸ್ ಒಲೆ ಮತ್ತೆ ಮತ್ತೆ ನೋಡುವ ಗೀಳು. ನಾನೇ ಇಆರ್‌ಪಿ ಮಾಡುತ್ತಿದ್ದೇನೆ. ಒಮ್ಮೆ ಮಾತ್ರ ಬೀಗ ಹಾಕಿ ಹೊರಡುತ್ತೇನೆ. ಆದರೂ ತಿಂಗಳುಗಳಾದರೂ ಭಯ ಇಳಿಯುತ್ತಿಲ್ಲ. ಎಲ್ಲಿ ತಪ್ಪುತ್ತಿದೆ?

ಕೈ ನಿಂತಿದೆ, ಮನಸ್ಸು ಇನ್ನೂ ಬೀಗ ನೋಡುತ್ತಲೇ ಇರಬೇಕು. ಹೊರಟ ಮೇಲೆ ನೀವು ಏನೇನು ಮಾಡುತ್ತೀರಿ ಎಂದು ಒಂದು ವಾರ ಬರೆದಿಡಿ. ಬೀಗದ ಫೋಟೊ ಮೊಬೈಲ್‌ನಲ್ಲಿ ತೆಗೆದುಕೊಂಡಿದ್ದೀರಾ? ಹಾಕುವಾಗ 'ಹಾಕಿದೆ, ಹಾಕಿದೆ' ಎಂದು ಬಾಯಲ್ಲಿ ಎಣಿಸಿದ್ದೀರಾ? ಕ್ಲಿಕ್ ಎಂದ ಸದ್ದನ್ನು ದಾರಿಯುದ್ದಕ್ಕೂ ನೆನಪಿಸಿಕೊಳ್ಳುತ್ತೀರಾ? ಮನೆಯವರನ್ನು 'ನೋಡಿದ್ಯಾ' ಎಂದು ಸಹಜವೆಂಬಂತೆ ಕೇಳುತ್ತೀರಾ? ಕೊನೆಯಲ್ಲಿ ಹೊರಡುವ ಕೆಲಸವನ್ನು ಬೇರೆಯವರಿಗೆ ವಹಿಸುತ್ತೀರಾ? ಇವೆಲ್ಲ ತಪಾಸಣೆಯ ಬೇರೆ ರೂಪಗಳು. ಭಯ ಬಂದಾಗ ಉಸಿರಾಟದ ವ್ಯಾಯಾಮ, ಹಾಡು ಕೇಳುವುದು ಕೂಡ ಇದೇ ಸಾಲಿಗೆ ಸೇರುತ್ತವೆ, ಭಯದಿಂದ ತಪ್ಪಿಸಿಕೊಳ್ಳಲು ಅವನ್ನು ಬಳಸಿದರೆ.

ಮತ್ತೆ ಮತ್ತೆ ನೋಡುವುದರಿಂದ ನೆನಪು ಗಟ್ಟಿಯಾಗುವುದಿಲ್ಲ, ಮಸುಕಾಗುತ್ತದೆ. ಒಂದೇ ಒಲೆಯನ್ನು ಪದೇ ಪದೇ ನೋಡಿಸಿದ ಪ್ರಯೋಗಗಳಲ್ಲಿ ಆರೋಗ್ಯವಂತರಿಗೂ ಕೊನೆಯ ಸಲ ನೋಡಿದ್ದರ ನೆನಪಿನ ಮೇಲೆ ನಂಬಿಕೆ ಕುಸಿದಿದೆ. ಹಾಗಾಗಿ 'ಸರಿಯಾಗಿ ನೆನಪಾದ ಮೇಲೆ ಹೊರಡುತ್ತೇನೆ' ಎಂಬ ಷರತ್ತು ಎಂದೂ ಪೂರೈಸದು.

ನಿಮ್ಮ ಅಭ್ಯಾಸವನ್ನು ಹೀಗೆ ತಿದ್ದಿ. ಹೊರಡುವ ಮುಂಚೆ ಒಂದು ಸಾಲು ಬರೆಯಿರಿ: ಒಲೆ ನೋಡದೆ ಹೋದರೆ ಏನಾಗುತ್ತದೆ ಎನಿಸುತ್ತಿದೆ, ಅದರ ಸಾಧ್ಯತೆ ನೂರಕ್ಕೆ ಎಷ್ಟು. ಒಂದೇ ಸಲ ಆರಿಸಿ, ಹಿಂದಿರುಗಿ ನೋಡದೆ ಹೊರಡಿ. ಅನುಮಾನ ಬಂದಾಗ 'ಆರಿಸಿದ್ದೇನೆ' ಎಂದು ವಾದಿಸಬೇಡಿ, 'ಉರಿಯುತ್ತಿರಬಹುದು, ಇಲ್ಲದಿರಬಹುದು, ಗೊತ್ತಿಲ್ಲದೆಯೇ ಇವತ್ತಿನ ಕೆಲಸ ಮಾಡುತ್ತೇನೆ' ಎಂದಷ್ಟೇ ಹೇಳಿ. ಸಂಜೆ ಬಂದು ಏನಾಯಿತು ಎಂದು ಬರೆಯಿರಿ. ಭಯ ಇಳಿಯಿತೇ ಎನ್ನುವುದಕ್ಕಿಂತ ನೀವು ಎಣಿಸಿದ್ದು ನಡೆಯಿತೇ, ಭಯವಿದ್ದೂ ಕೆಲಸ ಮಾಡಿದಿರೇ ಎನ್ನುವುದು ಮುಖ್ಯ. ಭಯ ಇಳಿಯಲಿ ಎಂದು ಕಾಯುತ್ತಾ ಕೂತರೆ ಆ ಕಾಯುವಿಕೆಯೇ ಹೊಸ ತಪಾಸಣೆ ಆಗುತ್ತದೆ. ಜಾಗ, ಹೊತ್ತು ಬದಲಿಸಿ: ಬೆಳಗ್ಗೆ, ರಾತ್ರಿ, ನಿಮ್ಮ ಮನೆ, ಸಂಬಂಧಿಕರ ಮನೆ, ಅರ್ಧ ಗಂಟೆಯ ಹೊರಹೋಗುವಿಕೆ, ಒಂದು ರಾತ್ರಿಯ ಪ್ರಯಾಣ. ಒಂದೇ ಬಾಗಿಲಲ್ಲಿ ಕಲಿತದ್ದು ಆ ಬಾಗಿಲಿಗೇ ಅಂಟಿಕೊಳ್ಳುತ್ತದೆ. ಎಂದಾದರೂ ಸೋತು ಹಿಂದಿರುಗಿ ನೋಡಿದರೆ, ಅಲ್ಲಿಗೇ ನಿಲ್ಲಿಸದೆ ಒಲೆಯನ್ನು ಒಮ್ಮೆ ಹಚ್ಚಿ ಆರಿಸಿ ಮತ್ತೆ ಹೊರಡಿ.

ಇನ್ನೊಂದು ತಿಂಗಳು ಹೀಗೆ ಮಾಡಿಯೂ ಬದಲಾವಣೆ ಕಾಣದಿದ್ದರೆ ಚಿಕಿತ್ಸಕರ ನೆರವು ಪಡೆಯಿರಿ. ಮೊದಲ ಭೇಟಿಯಲ್ಲೇ ಕೇಳಿ: 'ನೀವು ಎಕ್ಸ್‌ಪೋಶರ್ ಮಾಡಿಸುತ್ತೀರಾ? ಅಗತ್ಯವಿದ್ದರೆ ಮನೆಗೆ ಬರುತ್ತೀರಾ, ಇಲ್ಲವೇ ವಿಡಿಯೊ ಕರೆಯಲ್ಲಿ ನನ್ನೊಂದಿಗೆ ಬಾಗಿಲ ಬಳಿ ಇರುತ್ತೀರಾ?' ಯೋಚನೆ ಬಂದಾಗ 'ಸ್ಟಾಪ್' ಎನ್ನಿ, ಮಣಿಕಟ್ಟಿನ ರಬ್ಬರ್ ಎಳೆದು ಬಿಡಿ ಎನ್ನುವವರಿಂದ, ಬರೀ ಬಾಲ್ಯದ ಕಥೆ ಕೇಳುವವರಿಂದ ಈ ಕಾಯಿಲೆಗೆ ಪ್ರಯೋಜನವಿಲ್ಲ.

ಪ್ರಶ್ನೆ: ನಿನ್ನೆಯವರೆಗೆ ಚೆನ್ನಾಗಿದ್ದ 6 ವರ್ಷದ ಮಗಳಿಗೆ ಗಂಟಲು ನೋವಿನ ನಂತರ ಎರಡೇ ದಿನದಲ್ಲಿ ಗೀಳು ಶುರುವಾಗಿದೆ. ಇದು ಸಾಧ್ಯವೇ?

ಸಾಧ್ಯ. ಗಂಟಲು ನೋವು ತರುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಸೋಂಕಿನ ನಂತರ ಏಕಾಏಕಿ ಒಸಿಡಿ ಅಥವಾ ಟಿಕ್ಸ್ ಕಾಣಿಸುವ ಮಕ್ಕಳನ್ನು 1998ರಲ್ಲಿ ಸೂಸನ್ ಸ್ವೀಡೊ ಮತ್ತು ಸಂಗಡಿಗರು ಪ್ಯಾಂಡಾಸ್ ಎಂಬ ಹೆಸರಿನಲ್ಲಿ ವಿವರಿಸಿದರು. ಕೈಬರಹ ಕೆಡುವುದು, ಪದೇ ಪದೇ ಮೂತ್ರ, ಊಟ ನಿರಾಕರಣೆ, ತಾಯಿಯನ್ನು ಬಿಟ್ಟಿರಲಾಗದ ಭಯ ಜತೆಗಿದ್ದರೆ ಮಕ್ಕಳ ವೈದ್ಯರನ್ನು ತಡಮಾಡದೆ ನೋಡಿ. ಗಂಟಲಿನ ಪರೀಕ್ಷೆ ಮಾಡಿಸಿ. ಸೋಂಕು ಇದ್ದರೆ ಆಂಟಿಬಯಾಟಿಕ್ ಕೋರ್ಸ್ ಪೂರ್ತಿ ಮುಗಿಸಿ. ಗೀಳಿಗೆ ಇಆರ್‌ಪಿ ಇಲ್ಲೂ ಬೇಕು.

ಪ್ರಶ್ನೆ: ಮಗಳಿಗೆ 17. ಸ್ನಾನಕ್ಕೆ ಮೂರು ಗಂಟೆ. ಅವಳು ಕೇಳಿದ ಸೋಪು ತರುತ್ತೇವೆ, ಅವಳ ಬಟ್ಟೆ ಬೇರೆಯಾಗಿ ಒಗೆಯುತ್ತೇವೆ, ನಾವೂ ಕೈ ತೊಳೆದೇ ಒಳಗೆ ಬರಬೇಕು. ವೈದ್ಯರ ಬಳಿ ಬರಲು ಒಪ್ಪುವುದಿಲ್ಲ.

ಅವಳು ಬರದಿದ್ದರೂ ನೀವು ಹೋಗಬಹುದು. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ರೂಪಿಸಿದ ಸ್ಪೇಸ್ ಎಂಬ ವಿಧಾನದಲ್ಲಿ ಚಿಕಿತ್ಸಕರು ಭೇಟಿಯಾಗುವುದು ತಂದೆತಾಯಿಯನ್ನು ಮಾತ್ರ. ಮಕ್ಕಳ ಆತಂಕದ ಕಾಯಿಲೆಗಳ ಮೇಲಿನ ಪ್ರಯೋಗದಲ್ಲಿ, 2020ರ ವರದಿಯಂತೆ, ಅದರ ಫಲ ಮಕ್ಕಳಿಗೇ ಕೊಟ್ಟ ಸಿಬಿಟಿಗಿಂತ ಕಡಿಮೆಯಿರಲಿಲ್ಲ.

ನೀವು ಗೀಳಿಗಾಗಿ ಮಾಡುತ್ತಿರುವುದನ್ನೆಲ್ಲ ಬೆಳಗ್ಗೆಯಿಂದ ರಾತ್ರಿಯವರೆಗೆ ಪಟ್ಟಿ ಮಾಡಿ. ಅದರಲ್ಲಿ ಒಂದನ್ನು ಮಾತ್ರ ಆರಿಸಿ, ಪೂರ್ತಿಯಾಗಿ ನಿಮ್ಮ ಹಿಡಿತದಲ್ಲಿರುವಂಥದ್ದು. ಸ್ನಾನ ನಿಲ್ಲಿಸುವುದು ನಿಮ್ಮ ಕೈಯಲ್ಲಿಲ್ಲ. ಹೆಚ್ಚುವರಿ ಸೋಪು ತರದಿರುವುದು, ನೀವು ಬಾಗಿಲಲ್ಲಿ ಕೈ ತೊಳೆಯದಿರುವುದು ನಿಮ್ಮ ಕೈಯಲ್ಲಿದೆ. ಜಗಳದ ಮಧ್ಯೆ ಬೇಡ, ಶಾಂತವಾಗಿರುವ ಹೊತ್ತಿನಲ್ಲಿ, ಮೂರು ನಾಲ್ಕು ಸಾಲಿನ ಪತ್ರ ಬರೆದು ಓದಿ: 'ನಿನಗೆ ಎಷ್ಟು ಕಷ್ಟ ಎಂದು ನಮಗೆ ಗೊತ್ತು. ನೀನು ಇದನ್ನು ತಡೆದುಕೊಳ್ಳಬಲ್ಲೆ ಎಂದೂ ಗೊತ್ತು. ಸೋಮವಾರದಿಂದ ವಾರಕ್ಕೆ ಒಂದೇ ಸೋಪು ತರುತ್ತೇವೆ.' ಆಮೇಲೆ ವಾದಕ್ಕಿಳಿಯಬೇಡಿ. ಮೊದಲ ಒಂದೆರಡು ವಾರ ಕೂಗಾಟ ಹೆಚ್ಚುತ್ತದೆ. ಹೆಚ್ಚಿದಾಗ ಮಣಿದರೆ, ಇನ್ನಷ್ಟು ಕೂಗಿದರೆ ಸಿಗುತ್ತದೆ ಎಂದು ಕಲಿಸಿದಂತೆ. ಅಪ್ಪ ಗಟ್ಟಿ, ಅಮ್ಮ ಕದ್ದು ಕೊಡುವುದು ಆಗಬಾರದು. ಎಲ್ಲ ಸಹಕಾರವನ್ನೂ ಒಂದೇ ದಿನ ಹಿಂತೆಗೆದುಕೊಳ್ಳುವುದು ಕ್ರೌರ್ಯ, ಹಾಗೆ ಮಾಡಬೇಡಿ. ಸಾಯುತ್ತೇನೆ ಎಂದರೆ ಬೆದರಿಕೆ ಎಂದು ತಳ್ಳಿಹಾಕದೆ ಒಬ್ಬಳನ್ನೇ ಬಿಡದಿರಿ, ಕೂಡಲೇ ವೈದ್ಯರ ನೆರವು ಪಡೆಯಿರಿ. ಸೋಪಿನ ನಿರ್ಧಾರ ಬೇರೆ, ಜೀವರಕ್ಷಣೆ ಬೇರೆ.

ಪ್ರಶ್ನೆ: ನಾಲ್ಕು ಔಷಧ, ಎರಡು ಸುತ್ತಿನ ಸಿಬಿಟಿ ಆಗಿದೆ. ಇನ್ನೇನಾದರೂ ಇದೆಯೇ?

ಇದೆ. ಮೊದಲು ಹಳೆಯ ಚಿಕಿತ್ಸೆಯ ಲೆಕ್ಕ ತೆಗೆಯಿರಿ: ಯಾವ ಔಷಧ, ಎಷ್ಟು ಪ್ರಮಾಣ, ಎಷ್ಟು ವಾರ, ಸಿಬಿಟಿಯಲ್ಲಿ ನಿಜವಾದ ಎಕ್ಸ್‌ಪೋಶರ್ ಇತ್ತೇ. ಅರ್ಧದಷ್ಟು ಬಾಗಿಲುಗಳು ಇಲ್ಲೇ ಮತ್ತೆ ತೆರೆಯುತ್ತವೆ. ಒಳರೋಗಿಯಾಗಿ ದಿನವೂ ಹಲವು ಗಂಟೆ ಇಆರ್‌ಪಿ ಮಾಡಿಸುವ ಕಡೆ ಸೇರುವುದು ಮುಂದಿನ ಆಯ್ಕೆ. ನಾರ್ವೆಯ ಬರ್ಗೆನ್‌ನಲ್ಲಿ ನಾಲ್ಕೇ ದಿನಕ್ಕೆ ಅಡಕ ಮಾಡಿದ ಕ್ರಮವೂ ರೂಪುಗೊಂಡಿದೆ. ತಲೆಯ ಹೊರಗಿಂದ ಕಾಂತಕ್ಷೇತ್ರ ಹಾಯಿಸುವ ಡೀಪ್ ಟಿಎಂಎಸ್‌ಗೆ 2018ರಲ್ಲಿ ವಯಸ್ಕರ ಒಸಿಡಿಗಾಗಿ ಎಫ್‌ಡಿಎ ಅನುಮತಿ ಸಿಕ್ಕಿತು. ವಾರಗಟ್ಟಲೆ ಹೆಚ್ಚುಕಡಿಮೆ ದಿನವೂ ಹೋಗಬೇಕು, ಅರಿವಳಿಕೆ ಬೇಡ. ಮಿದುಳಿನೊಳಗೆ ವಿದ್ಯುದ್ವಾರ ಇಡುವ ಡಿಬಿಎಸ್‌ಗೆ 2009ರಲ್ಲಿ ಸೀಮಿತ ಒಪ್ಪಿಗೆ ದೊರೆತಿದೆ. ಅದು ವರ್ಷಗಟ್ಟಲೆ ಎಲ್ಲವನ್ನೂ ಮಾಡಿ ಸೋತ ಅತಿ ತೀವ್ರ ರೋಗಿಗಳಿಗೆ ಮಾತ್ರ.

ಪ್ರಶ್ನೆ: ಒಂದು ವರ್ಷದಿಂದ ಚೆನ್ನಾಗಿದ್ದೇನೆ. ಮಾತ್ರೆ ನಿಲ್ಲಿಸಬಹುದೇ?

ಚೆನ್ನಾಗಿ ಆದ ಮೇಲೆ ಕನಿಷ್ಠ ಒಂದರಿಂದ ಎರಡು ವರ್ಷ ಅದೇ ಪ್ರಮಾಣದಲ್ಲಿ ಮುಂದುವರಿಸುವುದು ವಾಡಿಕೆ. ಹಿಂದೆ ಎರಡು ಮೂರು ಸಲ ಮರುಕಳಿಸಿದ್ದರೆ ಇನ್ನೂ ದೀರ್ಘಕಾಲ. ಇಳಿಸುವಾಗ ಒಂದರಿಂದ ಎರಡು ತಿಂಗಳಿಗೊಮ್ಮೆ ಶೇ 10ರಿಂದ 25ರಷ್ಟು. ಸರ್ಟ್ರಲಿನ್ 200 ಇದ್ದವರಿಗೆ ಮೊದಲ ಹೆಜ್ಜೆ 150 ಅಥವಾ 175, ನೇರವಾಗಿ 100 ಅಲ್ಲ. ಪರೀಕ್ಷೆ, ಮದುವೆ, ಹೊಸ ಕೆಲಸ, ಹೆರಿಗೆಯ ತಿಂಗಳುಗಳಲ್ಲಿ ಇಳಿಸಲು ಶುರು ಮಾಡಬೇಡಿ. ಇಆರ್‌ಪಿ ಕಲಿಯದೆ ಬರೀ ಮಾತ್ರೆಯಿಂದ ಚೆನ್ನಾಗಿದ್ದವರಲ್ಲಿ ಮರುಕಳಿಕೆ ಹೆಚ್ಚು, ಆದ್ದರಿಂದ ಅದನ್ನು ಈಗಲೇ ಕಲಿತು ಆಮೇಲೆ ಇಳಿಸಿ.

ಇಳಿಸಿದ ಎರಡು ಮೂರು ದಿನದಲ್ಲೇ ತಲೆಸುತ್ತು, ತಲೆಯೊಳಗೆ ಶಾಕ್ ಹೊಡೆದಂತಾಗುವುದು, ವಿಚಿತ್ರ ಕನಸು, ಸಿಡುಕು ಬಂದರೆ ಅದು ಹೆಚ್ಚಾಗಿ ಔಷಧ ತಗ್ಗಿದ್ದರ ಪರಿಣಾಮ. ಬಹಳ ಜನರಲ್ಲಿ ಒಂದೆರಡು ವಾರಕ್ಕೆ ಹೋಗುತ್ತದೆ, ಕೆಲವರಿಗೆ ಹೆಚ್ಚು ಕಾಲ ಉಳಿಯಬಹುದು. ತಡೆಯಲಾಗದಿದ್ದರೆ ಹಿಂದಿನ ಪ್ರಮಾಣಕ್ಕೆ ಮರಳಿ ಇನ್ನೂ ಸಣ್ಣ ಹೆಜ್ಜೆ ಇಡಬೇಕು. ಮರುಕಳಿಕೆ ಬರುವುದು ಹಾಗಲ್ಲ, ವಾರ ತಿಂಗಳುಗಳ ಅಂತರದಲ್ಲಿ ಮೆಲ್ಲಗೆ. ಒಂದು ಸಲ ಹೆಚ್ಚು ತೊಳೆಯುವುದು, ಒಂದು ದಾರಿಯನ್ನು ತಪ್ಪಿಸಿ ಹೋಗುವುದು, ಮನೆಯವರಿಂದ ಒಂದು ಭರವಸೆ ಕೇಳುವುದು. ನಿಮ್ಮ ಈ ಮೊದಲ ಮೂರು ನಾಲ್ಕು ಗುರುತುಗಳನ್ನು ಈಗಲೇ ಒಂದು ಹಾಳೆಯಲ್ಲಿ ಬರೆದು ಮನೆಯವರಿಗೂ ಕೊಡಿ. ಅವುಗಳಲ್ಲಿ ಎರಡು ಕಂಡರೆ ಅಂದಿನಿಂದಲೇ ಹಳೆಯ ಏಣಿಯ ಅಭ್ಯಾಸವನ್ನು ದಿನವೂ ಶುರು ಮಾಡಿ, ಎರಡು ವಾರದಲ್ಲಿ ಹಿಡಿತ ಸಿಗದಿದ್ದರೆ ವೈದ್ಯರನ್ನು ಕಂಡು ಹಿಂದೆ ಫಲ ಕೊಟ್ಟ ಅದೇ ಔಷಧವನ್ನು ಅದೇ ಪ್ರಮಾಣಕ್ಕೆ ಮರಳಿ ಏರಿಸುವ ಬಗ್ಗೆ ಮಾತಾಡಿ.